ಒತ್ತಕ್ಷರ ಕಲಿತ ಕಿಟಕಿ

ಕಳೆದ ತಿಂಗಳು ನಮ್ಮ ಕಾಲೇಜಿನ ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಮೊಬೈಲನ್ನು ಅಂಗೈಯಲ್ಲಿ ಹಿಡಿದುಕೊಂಡು ಅಧ್ಯಾಪಕರ ಕೊಠಡಿಗೆ ಬಂದಳು. "ಸರ್, ನೀವು ಕಳಿಸಿದ ಸಂದರ್ಶನ ತೆರೆದೆ. ಅದರಲ್ಲಿ ಕನ್ನಡವೇ ಇಲ್ಲ" ಎಂದಳು. ಕನ್ನಡಕ ಏರಿಸಿ ನೋಡಿದೆ. ಪರದೆಯ ತುಂಬ ಇಂಗ್ಲಿಷಿನ ಪಿ, ಕ್ಯೂಗಳು. ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ ಅಕ್ಷರಗಳ ಸಾಲುಸಾಲು. ನಡುನಡುವೆ ಬ್ರಿಟಿಷರ ಪೌಂಡು ನಾಣ್ಯದ ಗುರುತು. 'ಕನ್ನಡ' ಎಂಬ ಮಾತು ಇರಬೇಕಾದೆಡೆಯಲ್ಲಿ ಮೊದಲು ಪಿ, ಅದರ ಬೆನ್ನಿಗೆ ಓರೆಗೆರೆಯ ಎ, ಆಮೇಲೆ ಪೌಂಡು!

ಆ ಸಂದರ್ಶನ ನನ್ನ ಗುರುಗಳದು. 2003ರಲ್ಲಿ, ನಾನು ಎಂ.ಎ. ಮುಗಿಸಿ ಉಪನ್ಯಾಸಕನಾಗಿ ಸೇರಿದ ಹೊಸತರಲ್ಲಿ, ಅವರ ಮನೆಯ ಜಗಲಿಯ ಮೇಲೆ ಮೂರು ಸಂಜೆ ಕುಳಿತು ಬರೆದುಕೊಂಡದ್ದು. ಹಳೆಯ ಕಾವ್ಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವ ಬಗೆ ಹೇಗೆ, ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಕೂಡದು ಎಂಬುದನ್ನು ಅವರು ಜೀವಮಾನದ ಪಾಠದ ಅನುಭವದಿಂದ ಹೇಳಿದ್ದರು. ಆಗ ತಾನೇ ಹುಟ್ಟಿದ್ದ ಒಂದು ಅಂತರಜಾಲ ಪತ್ರಿಕೆ ಅದನ್ನು ಪ್ರಕಟಿಸಿತು. ಪತ್ರಿಕೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಗುರುಗಳು 2011ರಲ್ಲಿ ತೀರಿಕೊಂಡರು. ಅಚ್ಚಿನಲ್ಲಿ ಅದು ಎಲ್ಲಿಯೂ ಬಂದಿಲ್ಲ. ನನ್ನ ಕೈಬರಹದ ಟಿಪ್ಪಣಿಗಳು ಬಾಡಿಗೆ ಮನೆಗಳನ್ನು ಬದಲಿಸುವಾಗ ಎಲ್ಲಿಯೋ ಹೋದುವು. ಉಳಿದದ್ದು ಒಂದು ಸಿ.ಡಿ.ಯಲ್ಲಿ ಇಳಿಸಿಟ್ಟುಕೊಂಡಿದ್ದ ಪುಟಗಳು ಮಾತ್ರ. ಅವು ಇಪ್ಪತ್ತು ವರ್ಷಗಳೊಳಗೆ ಪೌಂಡು ಶಿಲಿಂಗುಗಳಾದುದು ಹೇಗೆಂದು ಆ ಹುಡುಗಿ ಕೇಳಿದಳು. ಅಂದು ಅರ್ಧಂಬರ್ಧ ಹೇಳಿ ಕಳಿಸಿದೆ. ವಾಚಕರೆದುರು ಅದನ್ನು ಸ್ವಲ್ಪ ಬಿಡಿಸಿ ಹೇಳಲು ಇಲ್ಲಿ ಯತ್ನಿಸುತ್ತೇನೆ.

ಅಂತರಜಾಲದ ಪುಟಗಳನ್ನು ನಮಗೆ ತೋರಿಸುವ ಸಾಧನಕ್ಕೆ ಬ್ರೌಸರ್ ಎಂದು ಹೆಸರು. ಜಾಲದರ್ಶಕ ಎಂಬ ಮಾತೂ ಉಂಟು. ಆದರೆ ಜನರ ನಾಲಗೆಯ ಮೇಲೆ ನಿಂತದ್ದು ಬ್ರೌಸರೇ. ಕನ್ನಡ ಮೇಷ್ಟರಾದ ನಾನು ಈ ಒಂದು ಮಾತಿನಲ್ಲಿ ಸೋಲೊಪ್ಪಿಕೊಂಡಿದ್ದೇನೆ. ಬಹುಮಂದಿ ಇದನ್ನು ಒಂದು ಕಿಟಕಿಯೆಂದು ಭಾವಿಸುತ್ತಾರೆ: ಆಚೆ ಪುಟವಿದೆ, ಈಚೆ ನಾವಿದ್ದೇವೆ, ನಡುವೆ ಗಾಜು. ನಿಜವಾಗಿ ಅದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನ ಕೆಲಸವನ್ನು ಮಾಡುತ್ತದೆ. ದೂರದ ಗಣಕದಿಂದ ಬರುವುದು ಒಂದು ಹಸ್ತಪ್ರತಿ. ಇದು ತಲೆಬರಹ, ಇದು ಕಂಡಿಕೆ, ಇಲ್ಲೊಂದು ಚಿತ್ರ ಎಂಬ ಸೂಚನೆಗಳ ಸಹಿತ. ಅದನ್ನು ಓದುಗನ ಪರದೆಯ ಅಳತೆಗೆ ತಕ್ಕಂತೆ, ಆ ಕ್ಷಣದಲ್ಲಿ, ಅವನ ಕೈಯೊಳಗೇ ಜೋಡಿಸಿ ತೋರಿಸುವುದು ಬ್ರೌಸರಿನ ಕಸುಬು. ಪುಸ್ತಕವಾದರೆ ಒಮ್ಮೆ ಅಚ್ಚಾಗಿ ಮುಗಿಯಿತು. ಇಲ್ಲಿ ಓದುಗನು ಪುಟ ತೆರೆದಾಗಲೆಲ್ಲ ಹೊಸದಾಗಿ ಅಚ್ಚಾಗಬೇಕು. ಮೊಳೆ ಜೋಡಿಸುವವನಿಗೆ ಕನ್ನಡ ಬಾರದಿದ್ದರೆ? ಬಾರದ ಕಾಲ ಬಹು ದಿನ ನಡೆಯಿತು.

ಮೊದಲ ಬ್ರೌಸರನ್ನು ರಚಿಸಿದವರು ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿಜ್ಞಾನಿ. ಜಿನೀವಾ ನಗರದ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ, 1990ರ ಕೊನೆಯ ಹೊತ್ತಿಗೆ ಅದು ಸಿದ್ಧವಾಯಿತು. ಅದರಲ್ಲಿ ಓದುವುದಷ್ಟೇ ಅಲ್ಲದೆ ಬರೆಯುವುದಕ್ಕೂ ಅವಕಾಶವಿತ್ತೆಂಬುದು ಸ್ವಾರಸ್ಯದ ಸಂಗತಿ. ಮುಂದೆ ಬಂದ ಬ್ರೌಸರುಗಳು ಓದುವವನನ್ನೂ ಬರೆಯುವವನನ್ನೂ ಬೇರೆಬೇರೆ ಮನೆಯಲ್ಲಿಟ್ಟುವು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ರಚಿಸಿದ ಮೊಸಾಯಿಕ್, ಬರಹದ ನಡುವೆಯೇ ಚಿತ್ರ ತೋರಿಸಿ ಜನರ ಮನಸ್ಸನ್ನು ಗೆದ್ದಿತು. 1994ರಲ್ಲಿ ನೆಟ್‌ಸ್ಕೇಪ್, 1995ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್. ಇವೆರಡರ ನಡುವಣ ಕಾಳಗ, 1998ರಲ್ಲಿ ಅಮೆರಿಕದ ಸರಕಾರವೇ ಮೈಕ್ರೋಸಾಫ್ಟಿನ ಮೇಲೆ ಹೂಡಿದ ಮೊಕದ್ದಮೆ, ಇವೆಲ್ಲ ಈಗಾಗಲೇ ಹಲವು ಪುಸ್ತಕಗಳ ವಸ್ತುವಾಗಿವೆ. ನಮಗೆ ಬೇಕಾದುದು ಅದರ ಫಲ: ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಜಗತ್ತಿನ ಹತ್ತು ಓದುಗರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಎಕ್ಸ್‌ಪ್ಲೋರರಿನ ಮೂಲಕವೇ ಜಾಲವನ್ನು ನೋಡುತ್ತಿದ್ದರು. ಗೆದ್ದವನು ಮಲಗಿದ. ಅದರ ಆರನೆಯ ಆವೃತ್ತಿ ಬಂದದ್ದು 2001ರಲ್ಲಿ, ಏಳನೆಯದು 2006ರಲ್ಲಿ.

ಇಂಡಿಯಾದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಕನ್ನಡ ಪುಟಗಳ ಯತ್ನಗಳು ಅದರ ಹಿಂದೆಯೇ ಬಂದುವು. ಇಲ್ಲಿ ಎದುರಾದ ಕಷ್ಟ ನಮ್ಮ ಲಿಪಿಯ ಸ್ವಭಾವದಲ್ಲಿಯೇ ಇದೆ. ಇಂಗ್ಲಿಷಿನಲ್ಲಿ ಅಕ್ಷರಗಳು ಒಂದರ ಪಕ್ಕದಲ್ಲೊಂದು ಶಿಸ್ತಾಗಿ ನಿಲ್ಲುತ್ತವೆ. ನಮ್ಮವು ಒಂದರ ಹೆಗಲೇರುತ್ತವೆ, ಕಾಲಡಿಗೆ ತೂರುತ್ತವೆ. 'ಸ್ತ್ರೀ' ಎಂಬ ಒಂದು ಗುಣಿತಾಕ್ಷರದೊಳಗೆ ಸ, ತ, ರ ಎಂಬ ಮೂರು ವ್ಯಂಜನಗಳು, ಎರಡು ವಿರಾಮಗಳು, ಒಂದು ದೀರ್ಘ ಈಕಾರ, ಒಟ್ಟು ಆರು ಸಂಕೇತಗಳು ಅಡಗಿವೆ. 'ಅರ್ಥ' ಎಂಬುದರಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ. ಬರೆಯುವಾಗ ಅದು ಥಕಾರದ ಹಿಂದಕ್ಕೆ ಸರಿದು ಅರ್ಕಾವೊತ್ತಾಗಿ ನಿಲ್ಲುತ್ತದೆ. ಕಿವಿಯ ಕ್ರಮ ಒಂದು, ಕಣ್ಣಿನ ಕ್ರಮ ಇನ್ನೊಂದು. ಇಂತಹ ಲಿಪಿಯನ್ನು ಮೊಳೆಗಿಳಿಸಲು ಹತ್ತೊಂಬತ್ತನೆಯ ಶತಮಾನದ ಮುದ್ರಕರು ಪಟ್ಟ ಪಾಡು ಕಡಮೆಯದಲ್ಲ. ಹರ್ಮನ್ ಮೊಗ್ಲಿಂಗ್ 1843ರಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ, ಮೊಳೆಯಚ್ಚಿನಲ್ಲಿ ಆರಂಭವಾಗಲಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಅದು ಕಲ್ಲಚ್ಚು. ಕೈಬರಹವನ್ನು ಇದ್ದಂತೆಯೇ ಚಿತ್ರವಾಗಿ ಕಲ್ಲಿಗೆ ಇಳಿಸಿ ಒತ್ತಿದ್ದು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಬ್ರೌಸರಿಗೆ ಕನ್ನಡ ಬಾರದಿರಲು ನಮ್ಮವರು ಹೂಡಿದ ಉಪಾಯ ವೇಷ ಹಾಕುವುದು. ಗಣಕಕ್ಕೆ ಗೊತ್ತಿರುವುದು ಇಂಗ್ಲಿಷಿನ ಪಿ ಮತ್ತು ಎ ತಾನೆ? ಅದು ಪಿ ಎಂದೇ ತಿಳಿದುಕೊಳ್ಳಲಿ. ಆದರೆ ಪಿ ಎಂಬ ಸ್ಥಾನದಲ್ಲಿ ಕಕಾರದ ಅರ್ಧ ಆಕಾರವನ್ನು ಬರೆದಿಟ್ಟ ಒಂದು ಫಾಂಟನ್ನು ಕೊಟ್ಟರೆ ಕಣ್ಣಿಗೆ ಕನ್ನಡ ಕಾಣುತ್ತದೆ. ಹೀಗೆ ಒಂದೊಂದು ಸಂಸ್ಥೆ ಒಂದೊಂದು ಬಗೆಯ ವೇಷ ಹೊಲಿಸಿತು. ಒಬ್ಬರ ಪೌಂಡು ನಕಾರವಾದರೆ ಇನ್ನೊಬ್ಬರ ಪೌಂಡು ಬೇರೆ ಏನೋ. ಪ್ರತಿಯೊಂದು ತಾಣಕ್ಕೂ ಅದರದೇ ಫಾಂಟನ್ನು ಇಳಿಸಿಕೊಳ್ಳಬೇಕಾದ ಆ ದಿನಗಳನ್ನು ಅನುಭವಿಸಿದವರು ಮರೆತಿರಲಾರರು. ಸೈಬರ್ ಕೆಫೆಯಲ್ಲಿ ಗಂಟೆಗೆ ಹಣ ಕೊಟ್ಟು ಕುಳಿತು, ಮೊದಲರ್ಧ ಗಂಟೆ ಫಾಂಟಿಗಾಗಿ ಕಾಯುತ್ತಿದ್ದೆವು. ಈ ತೊಂದರೆ ತಪ್ಪಿಸಲು ಎಕ್ಸ್‌ಪ್ಲೋರರಿನಲ್ಲಿ ಒಂದು ಅನುಕೂಲವಿತ್ತು: ಪುಟದೊಡನೆ ಫಾಂಟೂ ತಾನಾಗಿ ಬಂದು, ಓದಿ ಮುಗಿಯುವವರೆಗೆ ಇದ್ದು ಹೋಗುತ್ತಿತ್ತು. ಆ ಫಾಂಟನ್ನು ತಾಣದ ವಿಳಾಸಕ್ಕೇ ಕಟ್ಟಿಹಾಕಲೂ ಬರುತ್ತಿತ್ತು. ಬೇರೆ ಬ್ರೌಸರುಗಳು ಆ ಬಗೆಯ ಫಾಂಟನ್ನು ಒಪ್ಪಲಿಲ್ಲ. ನನ್ನ ಗುರುಗಳ ಮಾತುಗಳು ಲೋಕಕ್ಕೆ ಕಂಡದ್ದು ಈ ಏರ್ಪಾಡಿನಿಂದ. ನಾನು ಸಿ.ಡಿ.ಗೆ ಇಳಿಸಿಕೊಂಡದ್ದು ಪುಟಗಳನ್ನು ಮಾತ್ರ. ಫಾಂಟು ಅವುಗಳೊಡನೆ ಬರಲಿಲ್ಲ. ಬರಬೇಕೆಂಬ ತಿಳಿವಳಿಕೆಯೂ ಆಗ ನನಗಿರಲಿಲ್ಲ.

ವೇಷವಿಲ್ಲದ ದಾರಿಯೂ ಆಗಲೇ ಸಿದ್ಧವಾಗಿತ್ತು. ಲೋಕದ ಲಿಪಿಗಳೆಲ್ಲಕ್ಕೂ ಒಂದೊಂದು ಖಾಯಂ ಸ್ಥಾನ ಕೊಡಬೇಕೆಂಬ ಯೂನಿಕೋಡ್ ಎಂಬ ಏರ್ಪಾಟಿನ ಮೊದಲ ಆವೃತ್ತಿ 1991ರಲ್ಲಿ ಹೊರಬಂತು. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ದೊರೆಯಿತು. ಇಲ್ಲಿ ಕಕಾರ ಕಕಾರವೇ, ಪಿ ಅಲ್ಲ. ಶೇಖರಿಸಿಡುವುದು ಕಿವಿಯ ಕ್ರಮವನ್ನು. ಕಣ್ಣಿನ ಕ್ರಮಕ್ಕೆ ತಿರುಗಿಸುವ ಹೊರೆ ತೋರಿಸುವ ಯಂತ್ರದ್ದು. ನ್ಯಾಯವಾದ ಹಂಚಿಕೆ. ಆದರೆ ಯಂತ್ರ ಆ ಹೊರೆಯನ್ನು ಹೊರಬೇಕಲ್ಲ! 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟಿನೊಡನೆ ಬಂದಿತಾದರೂ, ಒತ್ತಕ್ಷರಗಳು ಸರಿಯಾಗಿ ಕೂಡಬೇಕಾದರೆ ಕಂಟ್ರೋಲ್ ಪ್ಯಾನೆಲಿನ ಒಂದು ಮೂಲೆಯಲ್ಲಿ ಗುರುತು ಹಾಕಿ, ಮೂಲದ ಸಿ.ಡಿ. ತಂದು ಹಾಕಬೇಕಿತ್ತು. ಕಾಲೇಜಿನ ಗಣಕದ ಆ ಸಿ.ಡಿ. ಯಾವ ಬೀರುವಿನಲ್ಲಿದೆಯೆಂದು ತಿಳಿದಿದ್ದ ಗುಮಾಸ್ತರು ವರ್ಗವಾಗಿ ಹೋಗಿದ್ದರು. ಹೀಗಿದ್ದರೂ 2003ರಲ್ಲಿ ಕನ್ನಡ ವಿಕಿಪೀಡಿಯ ಯೂನಿಕೋಡಿನಲ್ಲಿಯೇ ಆರಂಭವಾಯಿತೆಂಬುದು ಮೆಚ್ಚತಕ್ಕ ಮಾತು. ಅದೇ ವರ್ಷ ನಾನು ವೇಷದ ಕನ್ನಡದಲ್ಲಿ ಸಂದರ್ಶನ ಬೆರಳಚ್ಚಿಸುತ್ತಿದ್ದೆ.

ಇನ್ನು ಮೊಬೈಲಿನ ವಿಷಯ. 1990ರ ದಶಕದ ಕೊನೆಯಲ್ಲಿ ವ್ಯಾಪ್ ಎಂಬ ಪದ್ಧತಿಯಿಂದ ಫೋನಿನ ಸಣ್ಣ ಪರದೆಗೆಂದೇ ಬೇರೆ ಪುಟಗಳನ್ನು ಬರೆಯುವ ಯತ್ನ ನಡೆಯಿತು. ಅದು ಬಡವರ ಜಾಲ. ದೊಡ್ಡ ಮನೆಯ ಊಟ ಬೇರೆ, ಹಿತ್ತಿಲ ಬಾಗಿಲ ಊಟ ಬೇರೆ ಎಂಬಂತೆ. 2007ರಲ್ಲಿ ಬಂದ ಐಫೋನು ಗಣಕದ ಪುಟವನ್ನೇ ಅಂಗೈಯಲ್ಲಿ ತೋರಿಸಿ, ಬೆರಳಿನಿಂದ ಹಿಗ್ಗಿಸಿ ಕುಗ್ಗಿಸಲು ಬರುವಂತೆ ಮಾಡಿತು. ನಮ್ಮ ವಿದ್ಯಾರ್ಥಿಗಳಿಗೆ ಅದು ಚಂದ್ರಲೋಕದ ಸುದ್ದಿ. ಅವರ ಕೈಯಲ್ಲಿದ್ದದ್ದು ಗುಂಡಿಗಳಿರುವ ಅಗ್ಗದ ಫೋನು. ಅದರಲ್ಲಿ ಕನ್ನಡ ಪುಟ ತೆರೆದರೆ ಸಾಲಾಗಿ ಚೌಕಗಳು ಕಾಣುತ್ತಿದ್ದುವು, ಒಂದೊಂದು ಅಕ್ಷರಕ್ಕೆ ಒಂದೊಂದು ಖಾಲಿ ಪೆಟ್ಟಿಗೆ.

ಈ ಪೆಟ್ಟಿಗೆಗಳನ್ನು ತೆರೆದದ್ದು ನಾರ್ವೆ ದೇಶದ ಒಂದು ಬ್ರೌಸರು. ಆಸ್ಲೋ ನಗರದ ಒಪೆರಾ ಸಂಸ್ಥೆ 2006ರ ಜನವರಿಯಲ್ಲಿ ಲೋಕಕ್ಕೆಲ್ಲ ಬಿಡುಗಡೆ ಮಾಡಿದ ಒಪೆರಾ ಮಿನಿಯ ತಂತ್ರ ವಿಲಕ್ಷಣವಾದುದು. ಫೋನು ದುರ್ಬಲ, ಆದುದರಿಂದ ಅಡುಗೆಯನ್ನು ಬೇರೆಡೆ ಮಾಡಿ ತಟ್ಟೆಗೆ ಬಡಿಸುವುದು. ನಾವು ಕೇಳಿದ ಪುಟವನ್ನು ಆ ಸಂಸ್ಥೆಯ ಸರ್ವರ್ ಮೊದಲು ತಾನು ತರಿಸಿಕೊಂಡು, ಜೋಡಿಸಿ, ಹಿಂಡಿ ಸಣ್ಣದು ಮಾಡಿ ಫೋನಿಗೆ ಕಳಿಸುತ್ತಿತ್ತು. 2010ರ ಸುಮಾರಿನಲ್ಲಿ ನನ್ನ ಒಬ್ಬ ವಿದ್ಯಾರ್ಥಿ ಗುಟ್ಟೊಂದನ್ನು ಕಲಿತು ಬಂದ. ವಿಳಾಸ ಬರೆಯುವ ಕಡೆ 'ಒಪೆರಾ' ಎಂದು ಬರೆದು, ಎರಡು ಚುಕ್ಕೆಯಿಟ್ಟು, 'ಕಾನ್ಫಿಗ್' ಎಂದು ಸೇರಿಸಿದರೆ ಒಂದು ಗುಪ್ತ ಪುಟ ತೆರೆಯುತ್ತದೆ. ಅದರಲ್ಲಿ ತೊಡಕಿನ ಲಿಪಿಗಳಿಗೆ ಚಿತ್ರಾಕ್ಷರ ಬಳಸಲೆ ಎಂಬ ಪ್ರಶ್ನೆಗೆ ಹೌದು ಎನ್ನಬೇಕು. ಅಷ್ಟೆ. ಚೌಕಗಳೆಲ್ಲ ಕರಗಿ ಕನ್ನಡವಾದುವು! ದೂರದ ಸರ್ವರ್ ನಮ್ಮ ಅಕ್ಷರಗಳನ್ನು ತಾನೇ ಜೋಡಿಸಿ, ಅವುಗಳ ಚಿತ್ರ ಬರೆದು ಕಳಿಸುತ್ತಿತ್ತು. ಮಂಗಳೂರಿನ ಕಲ್ಲಚ್ಚಿಗೂ ಇದಕ್ಕೂ 167 ವರ್ಷಗಳ ಅಂತರವಿರಬಹುದು, ಉಪಾಯ ಒಂದೇ. ಮೊಳೆ ಒದಗದಿದ್ದಾಗ ಚಿತ್ರ.

ಆ ಗುಟ್ಟು ಒಂದೇ ವಾರದಲ್ಲಿ ವಿದ್ಯಾರ್ಥಿನಿಲಯದ ತುಂಬ ಹರಡಿತು. ಒಂದು ರಾತ್ರಿ ಹತ್ತು ಗಂಟೆಗೆ ನನಗೆ ಫೋನು ಬಂತು. "ಸರ್, ಕನ್ನಡ ಬಂತು" ಎಂದು ಕೂಗಿ ಆ ಹುಡುಗ ಇಟ್ಟೇಬಿಟ್ಟ. ಯಾರು, ಏನು ಎಂದು ಕೇಳುವುದಕ್ಕೂ ಬಿಡಲಿಲ್ಲ. ಕುಂದುಗಳಿರಲಿಲ್ಲವೆಂದಲ್ಲ. ಚಿತ್ರವಾದ್ದರಿಂದ ಒಂದು ಮಾತನ್ನು ಹುಡುಕಲು ಬಾರದು, ನಕಲು ಮಾಡಿಕೊಳ್ಳಲು ಬಾರದು. ನಾವು ಓದುವುದೆಲ್ಲ ಮತ್ತೊಬ್ಬರ ಸರ್ವರನ್ನು ಹಾದು ಬರುತ್ತಿತ್ತೆಂಬುದು ಅಂಥ ನೆಮ್ಮದಿಯ ಸಂಗತಿಯೂ ಅಲ್ಲ. ಆದರೆ ತಿಂಗಳಿಗೆ ಕೆಲವು ಹತ್ತು ರೂಪಾಯಿಗಳ ಖರ್ಚಿನಲ್ಲಿ ಹಳ್ಳಿಯ ಹುಡುಗನೊಬ್ಬ ಕನ್ನಡ ಓದಿದನಲ್ಲ, ಅದನ್ನು ಕಡೆಗಣಿಸಲಾರೆ.

ಫೋನುಗಳೇ ಕನ್ನಡ ಕಲಿತದ್ದು ಇದಾದ ಮೇಲೆ. 2012ರಲ್ಲಿ ಪ್ರಕಟವಾದ ಆಂಡ್ರಾಯ್ಡಿನ 4.1ನೆಯ ಆವೃತ್ತಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳನ್ನು ತನ್ನ ಬಗಲಿಗೆ ಸೇರಿಸಿಕೊಂಡಿತು. ಈ ಒತ್ತಕ್ಷರ ಕೂಡಿಸುವ ವಿದ್ಯೆಯ ಹಿಂದೆ ಹಾರ್ಫ್‌ಬಜ್ ಎಂಬ ಒಂದು ಮುಕ್ತ ತಂತ್ರಾಂಶವಿದೆ. ಇರಾನಿನ ಮೂಲದ ಬೆಹದಾದ್ ಎಸ್ಫಹಬೋದ್ ಅದರ ಮುಖ್ಯ ಶಿಲ್ಪಿ. ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು, ಪಾರಸಿ ಮಾತು. ಇಂದು ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಇವೆಲ್ಲ ಕನ್ನಡದ ಒತ್ತನ್ನು ಕೂಡಿಸುವುದು ಅದರ ಕೈಯಿಂದ. ಅದಕ್ಕೆ ಕಲಿಸಬೇಕಾದ ಸೂಕ್ಷ್ಮಗಳೂ ಒಂದೆರಡಲ್ಲ. 'ಕಾರ್ಯ' ಎಂಬಲ್ಲಿ ರಕಾರ ಅರ್ಕಾವೊತ್ತಾಗಬೇಕು. 'ರ‍್ಯಾಂಕ್' ಎಂಬಲ್ಲಿ ಆಗಕೂಡದು, ಅಲ್ಲಿ ಯಕಾರವೇ ಒತ್ತಾಗಬೇಕು. ಈ ಭೇದವನ್ನು ತಿಳಿಸಲು ಯೂನಿಕೋಡಿನಲ್ಲಿ ರಕಾರದ ಮುಂದೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡಬೇಕು. ಹಳೆಯ ಬ್ರೌಸರುಗಳಲ್ಲಿ ಇದು ಒಂದೊಂದು ಕಡೆ ಒಂದೊಂದು ಬಗೆಯಾಗಿ ಕಂಡು ಬೆರಳಚ್ಚಿಸುವವರ ತಾಳ್ಮೆಯನ್ನು ಪರೀಕ್ಷಿಸಿದೆ.

2010ರಲ್ಲಿ ಈಥನ್ ಮಾರ್ಕಾಟ್ ಎಂಬ ಅಮೆರಿಕದ ವಿನ್ಯಾಸಕಾರರು ಒಂದು ಲೇಖನ ಬರೆದು, ಫೋನಿಗೊಂದು ಗಣಕಕ್ಕೊಂದು ಪುಟ ಬರೆಯುವ ಪದ್ಧತಿ ಸಾಕು, ಪಾತ್ರೆಗೆ ತಕ್ಕಂತೆ ಆಕಾರ ತಾಳುವ ನೀರಿನ ಹಾಗೆ ಒಂದೇ ಪುಟ ಎಲ್ಲ ಪರದೆಗೂ ಒಗ್ಗಬೇಕೆಂದು ವಾದಿಸಿದರು. ಆ ವಾದ ಗೆದ್ದಿತು. 2016ರ ಅಕ್ಟೋಬರಿನಲ್ಲಿ ಲೋಕದಲ್ಲಿ ತೆರೆದ ಜಾಲಪುಟಗಳ ಪೈಕಿ ಮೊಬೈಲು ಮತ್ತು ಟ್ಯಾಬ್ಲೆಟ್ಟುಗಳ ಪಾಲು ಗಣಕದ ಪಾಲನ್ನು ಮೊದಲ ಬಾರಿಗೆ ಮೀರಿತೆಂದು ಸ್ಟಾಟ್‌ಕೌಂಟರ್ ಸಂಸ್ಥೆ ಲೆಕ್ಕ ಕೊಟ್ಟಿತು. ಗದ್ಯಕ್ಕೆ ಇದರಿಂದ ಲಾಭವೇ. ಪದ್ಯದ ಪಾಡು ಮಾತ್ರ ಬೇರೆ. ಭಾಮಿನಿ ಷಟ್ಪದಿಯನ್ನೇ ನೋಡಿ: ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ, ಮೂರು ಮತ್ತು ಆರನೆಯದಕ್ಕೆ 23. ಕಿರಿದಾದ ಪರದೆಯಲ್ಲಿ ಉದ್ದದ ಸಾಲುಗಳೆರಡೂ ಮುರಿದು ಬೀಳುತ್ತವೆ. ಆರು ಸಾಲು ಎಂಟಾಗುತ್ತದೆ. ಹೋದ ವರ್ಷ ಪರೀಕ್ಷೆಯಲ್ಲಿ ಒಬ್ಬ, ಷಟ್ಪದಿಗೆ ಎಂಟು ಪಾದಗಳೆಂದು ಬರೆದಿದ್ದ. ಅಂಕ ಕಳೆದೆ, ಕಳೆದ ಮೇಲೆ ಅವನು ಯಾವುದರಲ್ಲಿ ಓದಿದ್ದನೆಂದು ಹೊಳೆಯಿತು. ಮುರಿದ ಸಾಲನ್ನು ಒಳಸರಿಸಿ ತೋರಿಸಿ, ಇದು ಹೊಸ ಪಾದವಲ್ಲವೆಂದು ತಿಳಿಸುವ ವಿಧಾನ ಪುಟ ರಚಿಸುವವರಿಗೆ ಗೊತ್ತಿಲ್ಲದ್ದೇನಲ್ಲ. ಕಾವ್ಯವೆಂದರೆ ಹಾಗೆ ಮಾಡಬೇಕೆಂದು ಅವರಿಗೆ ಹೇಳುವವರಿಲ್ಲ. ಅದು ನಮ್ಮ ಕೆಲಸ, ನಾವು ಮಾಡಿಲ್ಲ.

ಇತ್ತ ಬ್ರೌಸರುಗಳ ವಂಶ ಕಿರಿದಾಗುತ್ತ ಬಂದಿದೆ. 2008ರಲ್ಲಿ ಬಂದ ಗೂಗಲಿನ ಕ್ರೋಮ್ ಎಕ್ಸ್‌ಪ್ಲೋರರಿನ ಸಿಂಹಾಸನವನ್ನು ಏರಿತು. ಒಪೆರಾ 2013ರಲ್ಲಿ ತನ್ನ ಸ್ವಂತ ಎಂಜಿನನ್ನು ಕೈಬಿಟ್ಟು ಕ್ರೋಮಿನ ಬಳಗ ಸೇರಿತು. ಮೈಕ್ರೋಸಾಫ್ಟ್ ಕೂಡ 2020ರಲ್ಲಿ ತನ್ನ ಎಡ್ಜ್ ಬ್ರೌಸರನ್ನು ಅದೇ ಬುನಾದಿಯ ಮೇಲೆ ಮರಳಿ ಕಟ್ಟಿತು. ಹೆಸರುಗಳು ಹಲವು, ಒಳಗಿನ ಎಂಜಿನುಗಳು ಮುಖ್ಯವಾಗಿ ಮೂರು: ಗೂಗಲಿನ ಬ್ಲಿಂಕ್, ಆಪಲಿನ ವೆಬ್‌ಕಿಟ್, ಫೈರ್‌ಫಾಕ್ಸಿನ ಗೆಕ್ಕೊ. ಇವುಗಳಲ್ಲಿ ಮೂರನೆಯದು ಬಡಕಲು. ಒಬ್ಬನೇ ಗೆದ್ದು ಮಲಗಿದಾಗ ಏನಾಯಿತೆಂಬುದನ್ನು ನಮ್ಮ ಪೀಳಿಗೆ ಕಂಡಿದೆ. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರನ್ನು ಅಧಿಕೃತವಾಗಿ ನಿವೃತ್ತಿಗೊಳಿಸಿತು. ಅನೇಕರು ಆ ಸುದ್ದಿ ಕೇಳಿ ನಕ್ಕರು; ನಾನೂ ನಕ್ಕೆ. ಫಾಂಟನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತಿದ್ದ ಆ ಕಾಲದ ಕನ್ನಡ ಪುಟಗಳಿಗೆ ಅದೊಂದೇ ಕಣ್ಣಾಗಿತ್ತೆಂಬುದು ಆಗ ನನಗೆ ತೋಚಲಿಲ್ಲ. ತಕ್ಕ ಫಾಂಟನ್ನು ಹುಡುಕಿ ಸ್ಥಾಪಿಸಿದರೆ ಗಣಕದಲ್ಲಿ ಅವನ್ನು ಇಂದೂ ಓದಬಹುದು. ಅಂಗೈಯ ಫೋನಿನಲ್ಲಿ ಮಾತ್ರ ಕಾಣುವುದು ಪೌಂಡುಗಳೇ.

ವೇಷದ ಕನ್ನಡವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಂಟು. ಒಂದರಲ್ಲಿ ಗುರುಗಳ ಸಂದರ್ಶನವನ್ನು ಹಾಕಿ ತೆಗೆದೆವು. ಹದಿನೇಳು ಪುಟವೂ ಕನ್ನಡವಾಗಿ ಹೊರಬಂತು. ಮೊದಲ ನೋಟಕ್ಕೆ ತಪ್ಪೇನೂ ಕಾಣಲಿಲ್ಲ. ವಿದ್ಯಾರ್ಥಿನಿ ತನ್ನ ಫೋನಿನಲ್ಲಿ 'ಅರ್ಥ' ಎಂಬ ಮಾತನ್ನು ಹುಡುಕಿದಳು. ಗುರುಗಳು ಮಾತುಮಾತಿಗೆ ಬಳಸುತ್ತಿದ್ದ ಶಬ್ದ ಅದು. ಎರಡು ಕಡೆ ಮಾತ್ರ ಇದೆಯೆಂದಿತು ಫೋನು. ಮೊದಲ ಪುಟದಲ್ಲಿಯೇ ನಮ್ಮ ಕಣ್ಣಿಗೆ ಐದು ಕಾಣುತ್ತಿದ್ದುವು. ಹಿಗ್ಗಿಸಿ ನೋಡಿದಾಗ ಗುಟ್ಟು ರಟ್ಟಾಯಿತು. ಅವು 'ಅರ್ಥ' ಅಲ್ಲ, 'ಅಥ೯'. 2003ರಲ್ಲಿ ಅರ್ಕಾವೊತ್ತಿನ ಕೀಲಿ ಯಾವುದೆಂದು ತಿಳಿಯದೆ, ಆಕಾರ ಹೋಲುತ್ತದೆಂದು ಒಂಬತ್ತರ ಅಂಕಿಯನ್ನು ಒತ್ತಿದವನು ನಾನೇ! "ಎಂ.ಎ. ಕನ್ನಡ ಮಾಡಿದ ಮೇಲೆ ಬರೆದದ್ದಾ ಸರ್ ಇದು?" ಎಂದು ಅವಳು ಬಹಳ ವಿನಯದಿಂದಲೇ ಕೇಳಿದಳು.

ಒಂದೇ ಏಟಿಗೆ ಎಲ್ಲ ಒಂಬತ್ತುಗಳನ್ನೂ ಬದಲಿಸೋಣವೆಂದರೆ ಇಸವಿಗಳಲ್ಲಿ ನಿಜವಾದ ಒಂಬತ್ತುಗಳೂ ಇವೆ. ಆದುದರಿಂದ ಶನಿವಾರ ಮಧ್ಯಾಹ್ನ ಪಾಠ ಮುಗಿದ ಮೇಲೆ ಅವಳು ಫೋನಿನಲ್ಲಿ ನೋಡಿ ಗಟ್ಟಿಯಾಗಿ ಓದುತ್ತಾಳೆ, ನಾನು ಗಣಕದಲ್ಲಿ ತಿದ್ದುತ್ತೇನೆ. ಹನ್ನೊಂದು ಪುಟ ಮುಗಿದಿದೆ, ಆರು ಉಳಿದಿವೆ. ಗುರುಗಳು ಉದಾಹರಿಸಿದ ಷಟ್ಪದಿಗಳು ಬಂದಾಗ, ಅವರು ನಿಲ್ಲಕೂಡದೆಂದು ಹೇಳಿದ ಎಡೆಯಲ್ಲಿಯೇ ಪರದೆಯ ಮೇಲೆ ಸಾಲು ಮುರಿದಿರುತ್ತದೆ. ಅವಳು ಅಲ್ಲಿ ನಿಲ್ಲುತ್ತಾಳೆ. "ಫೋನನ್ನು ಅಡ್ಡ ಹಿಡಿದುಕೊಂಡು ಓದಮ್ಮ" ಎನ್ನುತ್ತೇನೆ.